ನೀರಿನಡಿಯ ಒಂದು ಹೂಂ

ನಡುವಯಸ್ಸು ದಾಟಿದ ಗಂಡಸು ಸಾಹಸಕ್ಕೆ ಇಳಿದನೆಂದರೆ ಹೆಂಡತಿ ಊರಲ್ಲಿಲ್ಲ ಎಂದೇ ತಿಳಿಯಬೇಕು. ನನ್ನವಳು, ಸುಮತಿ, ಮಗಳ ಬಾಣಂತನಕ್ಕೆಂದು ಪುಣೆಗೆ ಹೋಗಿ ಮೂರು ತಿಂಗಳಾಯಿತು. ಅಂಕೋಲೆಯ ನಮ್ಮ ಮನೆಯಲ್ಲಿ ಈಗ ಫ್ರಿಜ್ಜು ಬಿಟ್ಟರೆ ಸದ್ದು ಮಾಡುವವರಿಲ್ಲ. ಸಮುದ್ರದ ತಳ ನೋಡುವ ಆಸೆ ನಿಜವಾಗಿ ಅವಳದು. "ಎಲ್ಲೆಲ್ಲಿಯ ಮಂದಿ ಕಾರವಾರಕ್ಕೆ ಬಂದು ನೀರಡಿ ಹೋಗಿ ಬರ್ತಾರೆ, ನಾವೂ ಒಂದ್ಸಲ ಹೋಗ್ವಾ" ಎಂದು ವರ್ಷಗಟ್ಟಲೆ ಹೇಳಿದಳು. ನಾನು ಪೇಪರಿನ ಹಿಂದಿನಿಂದ "ಹೂಂ" ಎನ್ನುತ್ತಿದ್ದೆ. ಈಗ ಒಬ್ಬನೇ ಹೊರಟೆ. ಹೇಳಲು ಏನಾದರೂ ಇದ್ದರೆ ಫೋನಿನಲ್ಲಿ ಅವಳು ಇನ್ನೆರಡು ನಿಮಿಷ ಹೆಚ್ಚು ಸಿಕ್ಕಾಳೇನೋ ಎಂಬ ಆಸೆ, ಅಷ್ಟೆ.

ಸ್ಕೂಬಾ ಕಲಿಸುವವಳು ಅಮದಳ್ಳಿಯ ಶೈಲಾ. ಗಟ್ಟಿ ಹೆಂಗಸು. ನನ್ನ ಪ್ರಶ್ನೆಗಳಿಗೆ ಬೇಸರಿಸಲಿಲ್ಲ. "ಸೀನು ಬಂದ್ರೆ?" "ಗಾಳಿ ನಳಿಗೆ ಬಾಯಲ್ಲೇ ಇಟ್ಕಂಡು ಸೀನಿ, ಕಾಕಾ." "ತೇಗು ಬಂದ್ರೆ?" ಬೆಳಿಗ್ಗೆ ಹೊಡೆದ ಬಂಗಡೆ ಸಾರು ನೆನೆದು ಕೇಳಿದ್ದು. "ಮೀನು ಮೀನಿನ ಹತ್ರವೇ ಹೋದ್ರೆ ಎಂತ ತೊಂದ್ರೆ? ನಗೂದು ಮಾತ್ರ ಬೇಡ. ಕೆನ್ನೆ ಮಡಚಿ ಕನ್ನಡಕದೊಳಗೆ ನೀರು ನುಗ್ತದೆ." ಇನ್ನೊಂದು ಪ್ರಶ್ನೆಯನ್ನು ದನಿ ತಗ್ಗಿಸಿ ಕೇಳಬೇಕೆಂದಿದ್ದೆ. ಸೊಂಟಮಟ್ಟದ ನೀರಿಗೆ ಇಳಿಯುತ್ತಲೇ ಕಿಬ್ಬೊಟ್ಟೆ ತಾನೇ ಅದನ್ನು ಅವಸರದಿಂದ ಕೇಳತೊಡಗಿತು.

ಮೂಗನ್ನೂ ಮುಚ್ಚುವ ಆ ಕನ್ನಡಕದೊಳಗೆ ನೀರು ಬಂದರೆ ಅದನ್ನು ಹಣೆಗೆ ಒತ್ತಿ ಹಿಡಿದು ಮೂಗಿನಿಂದ ಗಾಳಿ ಬಿಡಬೇಕಂತೆ. ಬಾಯಿಂದ ಉಸಿರಾಡು ಎಂದದ್ದೇ ತಡ, ನನ್ನ ಮೂಗು ರಜೆ ಹಾಕಿದ ಗುಮಾಸ್ತನ ಹಾಗೆ ಕೆಲಸವನ್ನೇ ಮರೆತಿತ್ತು. ಮೂರು ಸಲ ಉಪ್ಪುನೀರು ನೆತ್ತಿಗೇರಿತು.

"ಮನೇಲಿ ಕಾಕಿ ಮಾತಾಡ್ವಾಗ ನೀವು ಎಂತ ಹೇಳೂದು?" ಎಂದಳು ಶೈಲಾ.

"ಹೂಂ ಹೇಳೂದು."

"ಬಾಯಿ ತೆರೀತ್ರಾ?"

"ಯಾಕೆ ತೆರೀಬೇಕು?"

"ಹಾಂಗಾರೆ ಅದನ್ನೇ ಹೇಳಿ, ಮಾರಾಯ್ರೆ!"

ಮುಳುಗಿ "ಹೂಂ" ಎಂದೆ. ಮೂಗಿನಿಂದ ಗುಳ್ಳೆಗಳೆದ್ದು ನೀರೆಲ್ಲ ಖಾಲಿ. ಇಪ್ಪತ್ತೆಂಟು ವರ್ಷದ ಅಭ್ಯಾಸವೆಂದರೆ ಸುಮ್ಮನೆಯೇ!

ಆಮೇಲೆ ದೋಣಿಯಲ್ಲಿ ನಡುಗಡ್ಡೆಯ ಹತ್ತಿರ ಹೋಗಿ ಕೆಳಗಿಳಿದೆವು. ಬಂಡೆಯ ಸಂದಿಯಿಂದ ಹಳದಿ ಪಟ್ಟೆಯ ಎರಡು ಮೀನು ಜೊತೆಯಾಗಿ ಬಂದವು. "ನೋಡೇ" ಎನ್ನಲು ಎಡಕ್ಕೆ ತಿರುಗಿದೆ. ಶೈಲಾ ಇದ್ದದ್ದು ಬಲಕ್ಕೆ. ಎಡಗಡೆ ಬರೀ ನೀರು. ಅಲ್ಲಿ ಸುಮತಿ ಇರಬೇಕಿತ್ತು ಎನಿಸಿತು. ನೀರೊಳಗೆ ಅಳು ಬಂದರೆ ಏನು ಮಾಡಬೇಕೆಂದು ಕೇಳಲು ಮರೆತಿದ್ದೆ.

ದಡ ಸೇರಿದವನೇ ಪುಣೆಗೆ ಫೋನು ಮಾಡಿದೆ. ಆ ಕಡೆ ಮೊಮ್ಮಗಳಿಗೆ ಎಣ್ಣೆ ಹಚ್ಚುವ ಗಲಾಟೆ. ಮೀನಿನ ಬಣ್ಣ, ನೀರಿನ ನೀಲಿ, ಎಲ್ಲ ವರ್ಣಿಸಿದೆ. "ಹೂಂ" ಎಂದಳು.

"ನಿನ್ನ ಬಿಟ್ಟು ಹೋಗ್ಬಾರದಿತ್ತು. ಇಬ್ರೂ ಇನ್ನೊಂದ್ಸಲ ಹೋಗ್ವಾ."

"ಹೂಂ."

"ಮನೆ ಬಿಕೋ ಅಂತದೆ ಮಾರಾಯ್ತಿ. ಯಾವಾಗ ಬರ್ತೆ?"

"ಹೂಂ."

ಬೇರೆ ಯಾರಾದರೂ ಆಗಿದ್ದರೆ ಆ ಹೂಂಗೆ ಅರ್ಥವೇನೆಂದು ತಲೆ ಕೆಡಿಸಿಕೊಳ್ಳುತ್ತಿದ್ದರು. ನನಗೆ ಸಂಶಯವೇ ಇರಲಿಲ್ಲ. ಅವಳು ಒಂದು ಮಾತನ್ನೂ ಕೇಳಿಸಿಕೊಂಡಿರಲಿಲ್ಲ.