ಸಾವಿರ ಕೂಡಿಸಿದವರು

ಇಡೀ ಜಗಳಕ್ಕೆ ಕಾರಣ ಒಂದೇ ಒಂದು ಕೂಡುವ ಲೆಕ್ಕ.

ನಿಲ್ದಾಣಗಳಲ್ಲಿ ಬಸ್ಸಿನ ವೇಳೆ ತೋರಿಸುವ ಪೆಟ್ಟಿಗೆಯೊಂದನ್ನು ಆ ಕಚೇರಿ ತಯಾರಿಸುತ್ತಿತ್ತು. ಅದರೊಳಗೆ ಒಂದು ಕಡೆ ಪ್ರೊಸೆಸರ್, ಇನ್ನೊಂದು ಕಡೆ ಪರದೆಯ ಕಾರ್ಡು, ನಡುವೆ ಬ್ರಿಡ್ಜ್ ಎಂಬ ಚಿಪ್ಪು. ಈ ಸೇತುವೆಯ ಎರಡು ದಡದವರೂ ಮೆಮೊರಿಯ ಮನೆಗಳಿಗೆ ಬೇರೆಬೇರೆ ಸಂಖ್ಯೆ ಬರೆದುಕೊಂಡಿದ್ದರು. ಆ ದಡದ, ಅಂದರೆ ಕಾರ್ಡಿನ ಕಡೆಯ, ಒಂದನೆಯ ಮನೆ ಈ ದಡದ ಪ್ರೊಸೆಸರ್‌ನವರಿಗೆ ಸಾವಿರದ ಒಂದು. ಯಾರಾದರೊಬ್ಬರು ಸಾವಿರ ಕೂಡಿಸಿದರೆ ಪರದೆಯ ಮೇಲೆ ಪರೀಕ್ಷೆಗೆಂದು ಹಾಕಿದ ಗಿಳಿಯ ಚಿತ್ರ ಮೂಡಬೇಕು. ಯಾರೂ ಕೂಡಿಸಿರಲಿಲ್ಲ. ಪರದೆ ಕಾಡಿಗೆ ಡಬ್ಬಿಯಂತೆ ಕಪ್ಪಗಿತ್ತು.

ಪೆಟ್ಟಿಗೆಯ ಎಲ್ಲ ಭಾಗಗಳನ್ನೂ ಆಳುವ ಕರ್ನಲ್ ಎಂಬ ತಂತ್ರಾಂಶ ಬರೆಯುವವನಿಗೆ ಕಚೇರಿಯಲ್ಲಿ ‘ಉಡ’ ಎಂದೇ ಹೆಸರು. ಹಿಡಿದ ಪಟ್ಟು ಬಿಟ್ಟವನಲ್ಲ. ಪೆಟ್ಟಿಗೆಯನ್ನು ಎಬ್ಬಿಸಿ ಕರ್ನಲ್‌ನ ಕೈಗೊಪ್ಪಿಸುವ ಫರ್ಮ್‌ವೇರ್ ಬರೆಯುವವರು ಅವನ ಅಕ್ಕನ ಗಂಡ.

“ಭಾವ, ವಿಳಾಸ ಸರಿಮಾಡಿ ಕೊಡೋದು ನಿಮ್ಮ ಕೆಲಸ. ನಾನು ಕೂಡಿಸಲ್ಲ.”

“ಆ ದಡದ ನಂಬರು ಕೊಟ್ಟಾಯ್ತಲ್ಲಪ್ಪ. ಲೆಕ್ಕ ಬರದಿದ್ರೆ ಹೇಳು, ನನ್ನ ಮಗಳ ಹತ್ರ ಮಾಡಿಸಿಕೊಡ್ತೀನಿ. ಎರಡನೇ ಕ್ಲಾಸು.”

ಮೇಲಧಿಕಾರಿಣಿ ಬಂದರು. “ನಾಲ್ಕು ಗಂಟೆಗೆ ಗಿರಾಕಿಗಳು ಬರ್ತಾರೆ. ಗಿಳಿ ಕಾಣದಿದ್ರೆ ನೀನು ಕೈಪಿಡಿ ವಿಭಾಗಕ್ಕೆ!”

ಕೈಪಿಡಿ ವಿಭಾಗವೆಂದರೆ ಮೆಟ್ಟಿಲ ಕೆಳಗಿನ, ಕಿಟಕಿಯಿಲ್ಲದ ಕೋಣೆ. ಅಲ್ಲಿಗೆ ಹೋದ ಪ್ರೋಗ್ರಾಮರ್ ಮರಳಿ ಬಂದ ದಾಖಲೆಯಿಲ್ಲ. ಆದರೂ ಉಡನ ಕತ್ತು ಬಾಗಲಿಲ್ಲ.

“ಕಳಿಸಿ ಮೇಡಂ. ನನ್ನದಲ್ಲದ ತಪ್ಪನ್ನ ನಾನು ತಿದ್ದಲ್ಲ.”

ಪಕ್ಕದ ಮೇಜಿನ ಪರೀಕ್ಷಕಿಯ ಕಿವಿ ನೆಟ್ಟಗಾಯಿತು. ಆಕೆ ಅಕ್ಕನ ಪಕ್ಕದ ಮನೆಯವಳು. ಅವಳಿಗೆ ಗೊತ್ತಾದ ಸುದ್ದಿ ಡಂಗುರಕ್ಕಿಂತ ಮೊದಲೇ ಊರು ಮುಟ್ಟುತ್ತಿತ್ತು. ಊಟದ ಹೊತ್ತಿಗೆ ಉಡನ ಫೋನು ಬಡಿದುಕೊಂಡಿತು.

“ಲೋ, ಏನೋ ಅದು ಸಾವಿರದ ಗಲಾಟೆ? ಸಂಜೆ ಇವರು ಮುಖ ಊದಿಸ್ಕೊಂಡು ಬಂದ್ರೆ ಅನುಭವಿಸೋಳು ನಾನು. ಕಿರಿಯವನು ನೀನು, ಸೋತುಬಿಡೋ.”

“ಅಕ್ಕಾ, ಇದು ತತ್ತ್ವದ ಪ್ರಶ್ನೆ.”

“ತತ್ತ್ವಾನ ಆ ಕಿಟಕಿ ಇಲ್ಲದ ಕೋಣೇಲಿ ನೇತುಹಾಕ್ಕೋ! ಕೂಡಿಸು. ಅವರಿಗೆ ಮಾತ್ರ ಹೇಳ್ಬೇಡ.”

ಮೂರೂವರೆಯವರೆಗೆ ಉಡ ಪಟ್ಟು ಹಿಡಿದು ಕುಳಿತ. ಕೊನೆಗೆ, ಕಹಿ ಮಾತ್ರೆ ನುಂಗುವವನಂತೆ ಕಣ್ಣು ಮುಚ್ಚಿ, ಸಾವಿರ ಕೂಡಿಸುವ ಒಂದು ಸಾಲನ್ನು ಕರ್ನಲ್‌ನಲ್ಲಿ ಬರೆದ. ಪಕ್ಕದಲ್ಲೇ ಟಿಪ್ಪಣಿ: ‘ಇದು ನನ್ನ ತಪ್ಪಲ್ಲ.’ ಪೆಟ್ಟಿಗೆ ಚಾಲೂ ಮಾಡಿದ. ಗಿಳಿ ಬಂತು! ತಕ್ಷಣ ಆರಿಸಿ, ಸೋತ ಮುಖವನ್ನು ತೊಳೆದುಕೊಳ್ಳಲು ಹೋದ.

ನಾಲ್ಕು ಗಂಟೆಗೆ ಮೂವರು ಗಿರಾಕಿಗಳೆದುರು ಮೇಲಧಿಕಾರಿಣಿ ಗುಂಡಿ ಒತ್ತಿದರು. ಕಪ್ಪು! ಉಡನ ಲ್ಯಾಪ್‌ಟಾಪಿನಲ್ಲಿ ಸಂದೇಶ ಮೂಡಿತು: ಎರಡು ಸಾವಿರದ ಒಂದನೆಯ ಮನೆಯಲ್ಲಿ ಯಾರೂ ಇಲ್ಲ.

ಉಡ ನಿಧಾನವಾಗಿ ತಿರುಗಿದ. ಭಾವನ ಹಣೆ ಬೆವರಿತ್ತು.

“ಭಾವ, ನೀವೂ ಕೂಡಿಸಿದ್ರಾ?”

“ನಿಮ್ಮಕ್ಕ ಫೋನ್ ಮಾಡಿದ್ಳು ಕಣೋ. ಹಿರಿಯರು, ನೀವೇ ಸೋಲಿ ಅಂದ್ಳು. ನೀನು ಮುಖ ತೊಳೆಯೋಕೆ ಹೋದಾಗ ಹಾಕ್ದೆ.”

“ಹತ್ತು ನಿಮಿಷ,” ಎಂದು ಹಲ್ಲು ಕಚ್ಚಿ ಮೇಲಧಿಕಾರಿಣಿ ಗಿರಾಕಿಗಳನ್ನು ಕಾಫಿಗೆ ಕರೆದೊಯ್ದರು.

“ನಿಮ್ಮದು ತೆಗೀರಿ ಭಾವ. ನಾನು ಮೊದಲು ಹಾಕ್ದವನು.”

“ನಿಂದು ತೆಗಿ. ನಾನು ಮೊದಲು ಹುಟ್ಟಿದವನು.”

ಇಬ್ಬರೂ ಬೆನ್ನು ತಿರುಗಿಸಿ ತಮ್ಮ ತಮ್ಮ ಮೇಜಿನೆದುರು ಕುಳಿತರು. ಮೂಲೆಯಲ್ಲಿ ಪರೀಕ್ಷಕಿ ಫೋನಿಗೆ ಪಿಸುಗುಡುತ್ತಿದ್ದಳು. ಉಡನ ಜೇಬು ನಡುಗಿತು.

“ಲೋ, ನನ್ನಾಣೆ. ಇವರದ್ದೇ ಇರ್ಲಿ ಬಿಡೋ. ನಿಂದು ತೆಗಿ, ಬಾಯಿ ಮಾತ್ರ ಬಿಡ್ಬೇಡ.”

ಆಣೆ ಮೀರುವ ಉಡ ಎಲ್ಲಿದೆ? ಆ ಸಾಲನ್ನು ಅಳಿಸಿದ. ಭಾವನೂ ಆಗಷ್ಟೇ ಫೋನು ಕೆಳಗಿಟ್ಟು ಏನನ್ನೋ ಒತ್ತುತ್ತಿದ್ದುದನ್ನು ಅವನು ನೋಡಲಿಲ್ಲ, ಬೆನ್ನು ತಿರುಗಿಸಿದ್ದನಲ್ಲ.

ಗಿರಾಕಿಗಳು ಮರಳಿದರು. ಗುಂಡಿ ಒತ್ತಲಾಯಿತು. ಮತ್ತೆ ಸಂದೇಶ: ಒಂದನೆಯ ಮನೆಯಲ್ಲಿ ಯಾರೂ ಇಲ್ಲ. ಪರದೆ ಬೆಳಗಿನಷ್ಟೇ ಅಚ್ಚುಕಟ್ಟಾಗಿ ಕಪ್ಪಗಿತ್ತು.

ಐದು ಗಂಟೆಗೆ ಮೆಟ್ಟಿಲ ಕೆಳಗಿನ ಕೋಣೆಗೆ ಎರಡು ಕುರ್ಚಿ ಇಳಿದವು. ಮೇಜಿನ ಮೇಲೆ ಖಾಲಿ ಹಾಳೆ; ಮೇಲಧಿಕಾರಿಣಿಯ ಕೈಬರಹದಲ್ಲಿ ತಲೆಬರಹ ಮಾತ್ರ ಇತ್ತು: ‘ಸೇತುವೆ ದಾಟುವ ವಿಳಾಸಕ್ಕೆ ಸಾವಿರ ಕೂಡಿಸಬೇಕಾದವರು ಯಾರು?’

ಭಾವ ಪೆನ್ನನ್ನು ಅವನ ಕಡೆ ತಳ್ಳಿದರು. ಉಡ ಎದೆ ಸೆಟೆದು ಅದನ್ನು ಹಿಂದಕ್ಕೆ ತಳ್ಳಿದ.

“ಬರೆಯೋದು ನಿಮ್ಮ ಕೆಲಸ, ಭಾವ.”

ಅಕ್ಕನ ಸಂದೇಶಕ್ಕೆ ಇಬ್ಬರ ಜೇಬಿನ ಫೋನುಗಳೂ ಒಟ್ಟಿಗೇ ನಡುಗಿದವು.