ಬರೆದು ಕೊಟ್ಟರೆ ಬರುವ ದೋಣಿ

ದೇವಿದಾಸನ ಆ ದಿನದ ಪೀಡೆಯೆಲ್ಲ ಶುರುವಾದದ್ದು ಅವನೇ ಕೈಯಾರೆ ಬರೆದ ಒಂದು ಸಾಲಿನಿಂದ. "ನಮ್ಮ ಊರಿನಲ್ಲಿ ನೆರೆ ಇಲ್ಲ, ಸಂತ್ರಸ್ತರು ಇಲ್ಲ."

ದೇವಿದಾಸ ಹಳ್ಳದವಾಡಿಯ ಗ್ರಾಮ ಸಹಾಯಕ. ಕಂದಾಯ ಇಲಾಖೆ ಎಂಬ ದೊಡ್ಡ ಏಣಿಯಲ್ಲಿ ಅವನಿಗಿಂತ ಕೆಳಗೆ ಮೆಟ್ಟಿಲಿಲ್ಲ, ನೆಲ. ಮಳೆ ಹಿಡಿದು ನಾಲ್ಕು ದಿನವಾಗಿತ್ತು. ಪ್ರತಿ ಊರಿನ ಗ್ರಾಮ ಸಹಾಯಕ ಮುಂಜಾನೆ ಒಂಬತ್ತರೊಳಗೆ ಬಸವಕಲ್ಯಾಣಕ್ಕೆ ಖುದ್ದಾಗಿ ಬಂದು ನೆರೆಯ ವರದಿ ಕೊಡಬೇಕೆಂದು ಹುಕುಂ ಆಗಿತ್ತು. ಫೋನಿನಲ್ಲಿ ಹೇಳಿದರೆ ನಡೆಯುವುದಿಲ್ಲ, ಕಾಗದವೇ ಬೇಕು. ಮೊದಲ ಬಸ್ಸು ಹಿಡಿಯಲು ದೇವಿದಾಸ ಆರು ಗಂಟೆಗೇ ವರದಿ ಬರೆದು ಹೊರಟಿದ್ದ. ಆರು ಗಂಟೆಗೆ ಅದು ಸತ್ಯವೇ ಆಗಿತ್ತು. ಹಳ್ಳ ದಂಡೆಯೊಳಗೇ ಹರಿಯುತ್ತಿತ್ತು.

ಒಂದು ಮದುವೆ ಮಂಟಪದಲ್ಲಿ ತೆರೆದಿದ್ದ ನೆರೆ ಪರಿಹಾರ ಕೋಣೆಯಲ್ಲಿ ಗುಮಾಸ್ತ ಓಂಪ್ರಕಾಶನಿಗೆ ಕಾಗದ ಕೊಟ್ಟು, ಹೊರಗೆ ಬಂದು, ಚಹಾದ ಕಪ್ಪು ತುಟಿಗೆ ಮುಟ್ಟಿಸುವಷ್ಟರಲ್ಲಿ ಹೆಂಡತಿ ಸುಮನಬಾಯಿಯ ಫೋನು ಬಂತು.

"ಧನಶ್ರೀ ಅಪ್ಪಾ, ಹಳ್ಳ ಊರಾಗ ಬಂದದ! ಮನಿಯಾಗ ಸೊಂಟಮಟ ನೀರು. ನಾವು ಅಂಗನವಾಡಿ ಮಾಳಗಿ ಏರಿ ಕುಂತೇವಿ."

"ಯಾರ್‍ಯಾರ್ ಅದೀರಿ?"

"ನಾನು, ಕೂಸು, ನಿಮ್ಮವ್ವ, ಅಂಗನವಾಡಿ ಮಯೂರಿ, ಬಾಜು ಮನಿ ಗಂಡ ಹೆಂಡ್ತಿ. ಉಳದವರು ದಿಬ್ಬ ಏರಿ ಪಾರಾದ್ರು. ನಮ್ಮ ಸುತ್ತಲೂ ನೀರು ಅದ. ನೀರು ಏರಾಕತ್ತದ. ಜಲ್ದಿ ಏನರ ಮಾಡ್ರಿ!"

ಚಹಾ ಅಲ್ಲೇ ಬಿಟ್ಟು ದೇವಿದಾಸ ಒಳಗೆ ಓಡಿದ. ಓಂಪ್ರಕಾಶ ಕುರ್ಚಿಯಲ್ಲಿ ಒರಗಿ ಹಲ್ಲಿಗೆ ಕಡ್ಡಿ ಹಾಕುತ್ತಿದ್ದ.

"ಸಾಹೇಬ್ರ, ನಮ್ಮೂರಾಗ ನೆರೆ ಬಂದದ್ರಿ! ದೋಣಿ ಕಳಸ್ರಿ!"

ಓಂಪ್ರಕಾಶ ಕಡ್ಡಿ ತೆಗೆಯದೆ ಹಾಳೆಗಳನ್ನು ಮಗುಚಿದ. "ಹಳ್ಳದವಾಡಿ... ಹಾಂ. ನಿಮ್ಮೂರಾಗ ನೆರೆ ಇಲ್ಲ."

"ಅದು ನಾನೇ ಬರದದ್ದು ರೀ!"

"ಅದಕ್ಕ ಹೇಳಾಕತ್ತೇನಿ. ಸಹಿ ನಿಂದೇ ಅದ. ಹತ್ತು ಮಿನಿಟಿನ ಹಿಂದ ಕೊಟ್ಟೀದಿ. ನಾ ಮ್ಯಾಲ ಕಳಿಸಿನೂ ಬಿಟ್ಟೀನಿ. ಈಗ ನೆರೆ ಅದ ಅಂದ್ರ ನಿನ್ನ ಯಾವ ಮಾತು ನಂಬಬೇಕು?"

ದೇವಿದಾಸನಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿಯಿತು. ತನ್ನ ಕೂಸು ನೀರಿನ ನಡುವೆ ಕೂತಿದೆ, ಈ ಮನುಷ್ಯ ಹಲ್ಲುಕಡ್ಡಿ ಕಚ್ಚಿಕೊಂಡು ಸತ್ಯಸುಳ್ಳು ತೂಗುತ್ತಿದ್ದಾನೆ. ಹಿಡಿದು ನಾಲ್ಕು ಬಾರಿಸಬೇಕೆನಿಸಿತು. ಆದರೆ ಹದಿನೆಂಟು ವರ್ಷ 'ಹೌದ್ರಿ ಸಾಹೇಬ್ರ' ಅಂದ ಬಾಯಿಗೆ ಬೇರೆ ಮಾತು ಒಮ್ಮೆಲೇ ಬರಲಿಲ್ಲ.

"ಹೊಸಾ ವರದಿ ಬರಕೊಡ್ತೀನ್ರಿ," ಎಂದ.

"ಹಂಗ ಬಾ ದಾರಿಗೆ. ಹೆಸರು, ವಯಸ್ಸು, ಕುಂತ ಜಾಗ, ಎಲ್ಲಾ ಬರಿ. ಮಿಲ್ಟ್ರಿಯವರು ದೋಣಿ ತಗೊಂಡು ನಿನ್ನೆನೇ ಹುಮನಾಬಾದಿಗೆ ಬಂದು ಕುಂತಾರ. ಆದ್ರ ಅವರು ತಮ್ಮಷ್ಟಕ್ಕ ತಾವು ಹೋಗಂಗಿಲ್ಲ. ಇಂಥಾ ಊರಿಗೆ ಹೋಗ್ರಿ ಅಂತ ನಮ್ಮ ತಹಸೀಲ್ದಾರ್ ಸಾಹೇಬ್ರು ಬರದು ಸಹಿ ಮಾಡಿ ಕೊಡಬೇಕು."

"ಸಾಹೇಬ್ರು ಎಲ್ಲಿ ಅದಾರ?"

"ನಾರಾಯಣಪುರಕ್ಕ ಹೋಗ್ಯಾರ. ಹಳೀ ಗುಡಿ ಅಂಗಳದಾಗ ನೀರು ನಿಂತದಂತ. ದೊಡ್ಡವರು ನೋಡಾಕ ಬಂದಾರ."

ದೇವಿದಾಸ ಆರು ಹೆಸರು ಬರೆದ. ಮಗಳು ಧನಶ್ರೀಯ ವಯಸ್ಸಿನ ಮುಂದೆ ನಾಲ್ಕು ಎಂದು ಬರೆಯುವಾಗ ಅಕ್ಷರ ಮಂಜಾಯಿತು. ಓಂಪ್ರಕಾಶ ಅದನ್ನು ನೋಡಿಕೊಂಡು ಕಂಪ್ಯೂಟರಿನಲ್ಲಿ ಸೈನ್ಯಕ್ಕೆ ಪತ್ರ ತಯಾರಿಸತೊಡಗಿದ. ಒಂದೇ ಬೆರಳಿನಿಂದ.

ಪತ್ರ ಕೈಗೆ ಬಂದದ್ದೇ ತಡ, ದೇವಿದಾಸ ಹೊರಗೆ ಓಡಿದ. ಅಲ್ಲಿ ಪರಿಚಯದ ಗೌಸನ ಆಟೋ ಇತ್ತು. ಸಂಗತಿ ಕೇಳಿದ ಗೌಸ ಕೂತಿದ್ದ ಇಬ್ಬರು ಗಿರಾಕಿಗಳನ್ನು ಇಳಿಸಿಯೇ ಬಿಟ್ಟ. "ಬೈಠೋ ದೇವಿದಾಸ್ ಭಾಯಿ! ನಾರಾಯಣಪುರ ಎಷ್ಟು ದೂರ? ಹಿಂಗ ಹೋಗಿ ಹಂಗ ಬರೋಣು."

ನಾರಾಯಣಪುರದಲ್ಲಿ ಸಾಹೇಬರು ದೊಡ್ಡವರ ತಲೆಯ ಮೇಲೆ ಕೊಡೆ ಹಿಡಿದು ನಿಂತಿದ್ದರು. ಸಹಿ ಹಾಕಲು ಕೊಡೆ ಬಿಡಬೇಕು, ಕೊಡೆ ಬಿಟ್ಟರೆ ದೊಡ್ಡವರು ತೊಯ್ಯುತ್ತಾರೆ. ಪಾದ ಮುಳುಗುವಷ್ಟು ನೀರನ್ನು ದೊಡ್ಡವರು ಒಂದು ತಾಸು ನೋಡಿದರು. ಎಡಗಡೆಯಿಂದ ನೋಡಿದರು, ಬಲಗಡೆಯಿಂದ ನೋಡಿದರು, ಫೋಟೋದವನು ಹೇಳಿದಂತೆ ಬಗ್ಗಿಯೂ ನೋಡಿದರು. ದೇವಿದಾಸ ಕಾಗದವನ್ನು ಅಂಗಿಯೊಳಗೆ ಎದೆಗೆ ಒತ್ತಿಕೊಂಡು ಹಲ್ಲು ಕಚ್ಚಿ ನಿಂತ. ನಡುವೆ ಊರಿನಿಂದ ಜಮೀನ್ದಾರ ಬಸವಣಪ್ಪನ ಫೋನು.

"ದೇವಿದಾಸಾ, ನಾ ದಿಬ್ಬದ ಮ್ಯಾಲ ನಿಂತು ಎಲ್ಲಾ ನೋಡಾಕತ್ತೇನಿ. ನೀ ಏನೂ ಕಾಳಜಿ ಮಾಡಬ್ಯಾಡ. ನೀರು ಇನ್ನಾ ಒಂದು ಗೇಣು ಏರ್‍ಯದ."

"ಮತ್ತ ಕಾಳಜಿ ಮಾಡದ ಏನ್ ಮಾಡ್ಲಿ ಗೌಡ್ರ?"

"ಅದನ್ನ ಕೇಳಬೇಕಂತ ಫೋನ್ ಮಾಡೀನಿ. ಏನ್ ಮಾಡಾಕತ್ತೀದಿ?"

ಕೊಡೆ ಹಿಡಿಯುತ್ತೇನೆಂದು ದೇವಿದಾಸ ಹೇಳಲಿಲ್ಲ. ಆದರೆ ಫೋನು ಕಿಸೆಗೆ ತುರುಕಿ ಮಾಡಿದ್ದು ಅದನ್ನೇ. ಸಾಹೇಬರ ಕೈಯಿಂದ ಕೊಡೆಯನ್ನು ಕಸಿದುಕೊಂಡಷ್ಟು ಬಿರುಸಿನಿಂದ ತೆಗೆದುಕೊಂಡು, ಇನ್ನೊಂದು ಕೈಯಲ್ಲಿ ಕಾಗದ ಚಾಚಿದ. ಸಾಹೇಬರು ಅವನ ಕಣ್ಣು ನೋಡಿ, ಓದದೆಯೇ ಸಹಿ ಹಾಕಿಬಿಟ್ಟರು.

ಹುಮನಾಬಾದಿನ ಮೈದಾನ ಮುಟ್ಟಿದಾಗ ಹನ್ನೆರಡೂವರೆ. ಗೌಸನ ಆಟೋ ಹೆದ್ದಾರಿಯಲ್ಲಿ ಅಷ್ಟು ಜೋರು ಓಡಿದ್ದು ಅದರ ಜನ್ಮದಲ್ಲೇ ಮೊದಲು. ಮೈದಾನದಲ್ಲಿ ಎರಡು ದೊಡ್ಡ ಲಾರಿ, ಗಾಳಿ ತುಂಬಿ ಸಿದ್ಧವಾಗಿಟ್ಟ ದೋಣಿ, ಜೀವರಕ್ಷಕ ಅಂಗಿ ತೊಟ್ಟು ಸಾಲಾಗಿ ಕೂತ ಜವಾನರು. ಎಳೆಯ ಮುಖದ ಕ್ಯಾಪ್ಟನ್ ಒಬ್ಬ ಎದ್ದು ಬಂದು ಹಿಂದಿಯಲ್ಲಿ ಕೇಳಿದ. ಬೀದರ ಜಿಲ್ಲೆಯವನಿಗೆ ಹಿಂದಿ ಏನು ಕಷ್ಟ? ದೇವಿದಾಸ ಅಳುತ್ತಲೇ ಎಲ್ಲ ಹೇಳಿದ.

"ನಾವು ಮುಂಜಾನೆ ಐದರಿಂದ ತಯಾರಾಗಿ ಕೂತಿದ್ದೇವೆ," ಎಂದ ಕ್ಯಾಪ್ಟನ್. "ಯಾರೂ ಕೇಳಲೇ ಇಲ್ಲ. ನಾಡಿನೊಳಗೆ ಅಧಿಕಾರ ನಿಮ್ಮದು, ನಾವು ನಿಮ್ಮ ಸಹಾಯಕ್ಕೆ ಬಂದವರು. ನೀವು ಕರೆಯದೆ ನಾವು ಕಾಲಿಡುವಂತಿಲ್ಲ."

ಪತ್ರ ಓದಿ ಅವನ ಹುಬ್ಬು ಗಂಟಿಕ್ಕಿತು. ಒಂದೇ ಬೆರಳಿನ ಓಂಪ್ರಕಾಶ ಆರು ಹೆಸರನ್ನು ಸರಿಯಾಗಿ ಹಾಕಿದ್ದ. ಹೋಗಬೇಕಾದ ಊರಿನ ಹೆಸರನ್ನೇ ಬಿಟ್ಟಿದ್ದ!

ದೇವಿದಾಸ ಓಂಪ್ರಕಾಶನ ಇಡೀ ವಂಶವನ್ನು ಹೆಸರು ಹಿಡಿದು ಬೈದ. ಫೋನು ಹಚ್ಚಿದರೆ ಎತ್ತುವವರಿಲ್ಲ, ಅವನ ಊಟದ ಹೊತ್ತು. ಕ್ಯಾಪ್ಟನ್ ಒಂದು ಕ್ಷಣ ಯೋಚಿಸಿದ.

"ನೀವು ಸರಕಾರಿ ಮನುಷ್ಯರೇ?"

"ಹೌದ್ರಿ," ಎಂದ ದೇವಿದಾಸ. ಆಮೇಲೆ ಪ್ರಾಮಾಣಿಕವಾಗಿ, "ಸ್ವಲ್ಪ," ಎಂದ.

"ಸಾಕು. ಊರಿನ ಹೆಸರು ಬರೆದು ಪಕ್ಕದಲ್ಲಿ ಸಹಿ ಹಾಕಿ. ಇವತ್ತು ನಮಗೆ ನೀವೇ ಸರಕಾರ."

ದೇವಿದಾಸ ಹಾಕಿದ. ಶಾಯಿ ಆರುವ ಮೊದಲೇ ಅವನನ್ನೂ ಹತ್ತಿಸಿಕೊಂಡು ಲಾರಿ ಹೊರಟಿತ್ತು. ಮುಂಜಾನೆಯಿಂದ ಯಾರ ಮುಂದೆ ಹಲ್ಲು ಗಿಂಜಿದನೋ ಅವರೆಲ್ಲರಿಗಿಂತ ಈ ಅಪರಿಚಿತರು ಹತ್ತಿರದವರಾಗಿ ಕಂಡರು. ಇಂಥ ಜನರನ್ನು ಏಳೂವರೆ ತಾಸು ಮೈದಾನದಲ್ಲಿ ಸುಮ್ಮನೆ ಕೂರಿಸಿದ ಹಲ್ಲುಕಡ್ಡಿಯ ನೆನಪಾಗಿ ಅವನಿಗೆ ಮತ್ತೆ ಸಿಟ್ಟು ಬಂತು.

ಹಳ್ಳದವಾಡಿಯ ದಿಬ್ಬದ ಮೇಲೆ ಜಾತ್ರೆಯೇ ನೆರೆದಿತ್ತು. ಎಲ್ಲರ ಕೈಯಲ್ಲೂ ಫೋನು, ಒಬ್ಬನ ಕೈಯಲ್ಲೂ ಹಗ್ಗವಿಲ್ಲ. ಬಸವಣಪ್ಪ ಕ್ಯಾಪ್ಟನ್ನನಿಗೆ ದೋಣಿ ನಡೆಸುವುದು ಹೇಗೆಂದು ಕಲಿಸಲು ಮುಂದೆ ಬಂದರು. ಊಟ ಮುಗಿಸಿದ ಓಂಪ್ರಕಾಶನೂ ಜೀಪಿನಲ್ಲಿ ಬಂದಿದ್ದ. ಜಾಗ ತೋರಿಸಲು ಸರಕಾರದ ಒಬ್ಬರು ದೋಣಿಯಲ್ಲಿ ಬರಬೇಕೆಂದು ಕ್ಯಾಪ್ಟನ್ ಹೇಳಿದ್ದೇ ತಡ, ಓಂಪ್ರಕಾಶನಿಗೆ ಮೊಣಕಾಲು ನೋವು ಬಂತು.

"ದೇವಿದಾಸಾ, ನೀನೇ ಹೋಗು. ನಿನ್ನ ಮಂದಿನೇ ಅದಾರಲ್ಲ."

ಕೆಂಪು ನೀರನ್ನು ಸೀಳಿ ದೋಣಿ ಅಂಗನವಾಡಿಯ ಮಾಳಿಗೆಗೆ ತಾಗಿದಾಗ ನೀರು ಕಿಟಕಿಯ ಮೇಲಂಚಿನಲ್ಲಿತ್ತು. ಮಗಳು "ಅಪ್ಪಾ" ಎಂದು ಕೂಗಿದಳು. ದೇವಿದಾಸ ಮಾಳಿಗೆ ಹತ್ತಿ ಅವಳನ್ನು ಅಪ್ಪಿಕೊಂಡ. ಸುಮನಬಾಯಿ ಮಾತ್ರ ಸೊಂಟದ ಮೇಲೆ ಕೈ ಇಟ್ಟು ನಿಂತಿದ್ದಳು.

"ಒಂಬತ್ತಕ್ಕ ಫೋನ್ ಮಾಡೀನಿ. ಎರಡು ಹೊಡದು ಹೋತು. ಮಿಲ್ಟ್ರಿ ಕರಿಯಾಕ ದಿಲ್ಲಿಗೆ ಹೋಗಿದ್ರೇನು?"

"ಮೊದಲ ಇಳೀ, ಆಮ್ಯಾಲ ಬೈ," ಎಂದ ದೇವಿದಾಸ.

ಕ್ಯಾಪ್ಟನ್ ಪಟ್ಟಿ ಹಿಡಿದು ಎಣಿಸಿದ. ಆರು ಜನ ಇರಬೇಕು, ಏಳು ಜನ ಇದ್ದರು. ನೀರಿನ ಟಾಕಿಯ ಹಿಂದಿನಿಂದ ಮುದುಕಿ ಹಜಿರಾ ಬೀ, ಆಡಿನ ಹಗ್ಗ ಹಿಡಿದು ಬಂದಳು.

"ನಾ ಆಮ್ಯಾಲ ಏರಿ ಬಂದೀನಿ ಬೇಟಾ. ಈ ಬಕ್ರಿ ಹುಡುಕಾಕ ಹೋಗಿದ್ದೆ."

ಕ್ಯಾಪ್ಟನ್ನನ ಮುಖ ಸಪ್ಪಗಾಯಿತು. ತಾನು, ಮೂವರು ಜವಾನರು, ಜೊತೆಗೆ ಏಳು ಜನ, ಅದಕ್ಕಿಂತ ಒಬ್ಬರು ಹೆಚ್ಚಾದರೂ ಈ ಸೆಳವಿನಲ್ಲಿ ದೋಣಿ ಮಗುಚುತ್ತದೆ. ಪಟ್ಟಿಯ ಆರು, ಹಜಿರಾ ಬೀ ಒಬ್ಬಳು. ಅಲ್ಲಿಗೆ ದೇವಿದಾಸನಿಗೆ ಜಾಗವಿಲ್ಲ.

"ಇವರನ್ನ ಕರಕೊಂಡು ಹೋಗ್ರಿ. ನಾ ನಿಂದರ್ತೀನಿ," ಎಂದ ದೇವಿದಾಸ. ಆ ದಿನ ಅವನು ಸಿಟ್ಟಿಲ್ಲದೆ ಆಡಿದ ಮಾತು ಅದೊಂದೇ.

"ಇಪ್ಪತ್ತು ನಿಮಿಷದಲ್ಲಿ ಬಂದೆ," ಎಂದು ಕ್ಯಾಪ್ಟನ್ ಕೈ ಕುಲುಕಿದ. ಆಡು ದೋಣಿಗೆ ಸಲ್ಲದು. "ಅದಕ್ಕ ಸೊಪ್ಪು ಹಾಕ್ ಬೇಟಾ," ಎಂದು ಹಜಿರಾ ಬೀ ಹಗ್ಗವನ್ನು ದೇವಿದಾಸನ ಕೈಗಿತ್ತಳು. ಮಾಳಿಗೆಯ ಮೇಲೆ ಸೊಪ್ಪು ಎಲ್ಲಿದೆ ಎಂದು ಹೇಳಲಿಲ್ಲ.

ದೇವಿದಾಸ ಮಾಳಿಗೆಯಿಂದ ಎಲ್ಲವನ್ನೂ ನೋಡಿದ. ದೋಣಿ ದಂಡೆ ಮುಟ್ಟಿತು. ಮಗಳು ಇಳಿದಳು, ಅವ್ವ ಇಳಿದಳು. ಅವನ ಎದೆಯ ಭಾರವೂ ಇಳಿಯಿತು. ದೋಣಿ ತಿರುಗಬೇಕು ಎನ್ನುವಷ್ಟರಲ್ಲಿ ಓಂಪ್ರಕಾಶ ಮುಂದೆ ಬಂದು ಕ್ಯಾಪ್ಟನ್ನನಿಗೆ ಒಂದು ಕಾಗದ ಕೊಟ್ಟ. ಕ್ಯಾಪ್ಟನ್ ಮಾಳಿಗೆಯತ್ತ ಕೈ ತೋರಿಸಿದ. ಓಂಪ್ರಕಾಶ ಇಲ್ಲವೆಂದು ತಲೆಯಾಡಿಸಿದ. ಕ್ಯಾಪ್ಟನ್ ಮತ್ತೆ ಕೈ ತೋರಿಸಿ ಜೋರಾಗಿ ಏನೋ ಹೇಳಿದ. ಓಂಪ್ರಕಾಶ ಜೀಪಿನ ಬಾನೆಟ್ಟಿನ ಮೇಲೆ ಹಾಳೆ ಇಟ್ಟು ಬರೆದು, ಸಹಿ ಹಾಕಿ ಕೊಟ್ಟ. ಜವಾನರು ದೋಣಿಯನ್ನು ಎತ್ತಿ ಲಾರಿಗೆ ಏರಿಸಿದರು. ಕ್ಯಾಪ್ಟನ್ ಮಾಳಿಗೆಯ ಕಡೆ ತಿರುಗಿ, ನೆಟ್ಟಗೆ ನಿಂತು, ಒಂದು ಸಲಾಮು ಹೊಡೆದ. ಲಾರಿ ಹೊರಟುಹೋಯಿತು.

ದೇವಿದಾಸ ಫೋನು ಹಚ್ಚಿದ. ಈ ಸಲ ಓಂಪ್ರಕಾಶ ಎತ್ತಿದ.

"ಸಾಹೇಬ್ರ! ದೋಣಿ ಎಲ್ಲಿ ಹೊಂಟದ? ನಾ ಇಲ್ಲೇ ಅದೀನಿ!"

"ನೋಡಾಕತ್ತೇನಿ, ಕೈ ಬೀಸಬ್ಯಾಡ, ಬೀಳ್ತೀದಿ. ಹುಡಗಿ ಅನ್ನೋ ಊರಾಗ ಸಾಲಿ ಮಾಳಗಿ ಮ್ಯಾಲ ನಲವತ್ತು ಮಂದಿ ಸಿಕ್ಕೊಂಡಾರ. ಸಾಹೇಬ್ರ ಸಹಿ ಆಗೇದ. ದೋಣಿ ಅಲ್ಲಿಗೆ ಹೋತು."

"ಮತ್ತ ನಾನು?"

"ಪಟ್ಟಿ ಒಳಗ ಆರು ಮಂದಿ ಇದ್ರು, ಏಳು ಮಂದಿ ಬಂದ್ರು. ನಿಮ್ಮೂರಿನ ಕೆಲಸ ಮುಗೀತು."

"ನಾ ಸಿಕ್ಕೊಂಡು ಕುಂತೀನಿ ರೀ! ನಾ ಮನಿಶ್ಯಾ ಅಲ್ಲೇನು?"

"ಕ್ಯಾಪ್ಟನ್ನೂ ಇದನ್ನೇ ಕೇಳಿದ. ಒಬ್ಬ ಉಳದಾನ ಅಂದ. ಅಂವ ಸಂತ್ರಸ್ತ ಅಲ್ಲ, ಡ್ಯೂಟಿ ಮ್ಯಾಲ ಇದ್ದ ನಮ್ಮ ಸಿಬ್ಬಂದಿ ಅಂತ ಬರಕೊಟ್ಟೆ. ಅದಕ್ಕ ಸಲಾಮ್ ಹೊಡದ. ನೀರು ಇಳಿಯಾಕತ್ತದ, ನಾಳಿ ಮುಂಜಾನಿ ನಡಕೊಂತ ಬರ್ತೀದಿ. ಹ್ಯಾಂಗೂ ಅಲ್ಲೇ ಅದಿ, ತಾಸಿಗೊಮ್ಮೆ ನೀರಿನ ಮಟ್ಟ ತಿಳಸಕೊಂತಿರು. ಇದಕ್ಕ ಫೋನ್ ನಡೀತದ."

ದೇವಿದಾಸ ಬಾಯಿಗೆ ಬಂದದ್ದನ್ನೆಲ್ಲ ಬೈದ. ಹದಿನೆಂಟು ವರ್ಷದ ಬಾಕಿ ಬೈಗುಳವೆಲ್ಲ ಬಂತು. ಕಿವಿಗೆ ಹಿಡಿದ ಫೋನು ಯಾವಾಗಲೋ ಕಟ್ಟಾಗಿತ್ತು, ಎಲ್ಲವನ್ನೂ ಕೇಳಿಸಿಕೊಂಡದ್ದು ಆಡು ಮಾತ್ರ. ದಿಬ್ಬದ ಜನ ಚಳಿಗೆ ಅಲ್ಲಿನ ಮನೆಗಳನ್ನು ಸೇರಿದರು. ಅವನ ಕುಟುಂಬವನ್ನು ಬಸವಣಪ್ಪ ತಮ್ಮ ಮನೆಗೆ ಕರೆದೊಯ್ದರು. ಮೂರಕ್ಕೆ ದೇವಿದಾಸ ಮಟ್ಟ ಹೇಳಿದ, ನಾಲ್ಕಕ್ಕೂ ಹೇಳಿದ. ಕೂಸು ಪಾರಾಯಿತಲ್ಲ ಎಂಬ ಸಮಾಧಾನದಲ್ಲಿ ಸಿಟ್ಟನ್ನು ನುಂಗಿ ನುಂಗಿ ಹೇಳಿದ.

ಐದೂವರೆಗೆ ಓಂಪ್ರಕಾಶನ ಫೋನು ತಾನಾಗಿಯೇ ಬಂತು. ದೋಣಿ ತಿರುಗಿ ಬಂತೆಂದು ದೇವಿದಾಸ ಎದ್ದೇ ನಿಂತ.

"ಏನೋ ದೇವಿದಾಸಾ, ಹಾಜರಿ ಪುಸ್ತಕದಾಗ ನಿನ್ನ ಸಂಜಿ ಸಹಿ ಇಲ್ಲ."

"ಹ್ಯಾಂಗ ಬರ್ಲಿ ರೀ? ನಾ ನೀರಾಗ ಅದೀನಿ! ನೀವೇ ಡ್ಯೂಟಿ ಮ್ಯಾಲ ಅದಾನಂತ ಬರಕೊಟ್ಟೀರಿ!"

"ಅದು ಮಿಲ್ಟ್ರಿಯವರಿಗೆ ಕೊಟ್ಟ ಕಾಗದ. ನಮ್ಮ ಪುಸ್ತಕದಾಗ ಸಹಿ ಇಲ್ಲಂದ್ರ ಇಲ್ಲ. ಇವತ್ತು ನಿಂಗ ಗೈರುಹಾಜರಿ ಹಾಕೀನಿ. ನಾಳಿ ಬಂದು ಕಾರಣ ಬರದು ಕೊಡು."

ಫೋನನ್ನು ಹಳ್ಳಕ್ಕೆ ಬೀಸಿ ಒಗೆಯಲು ದೇವಿದಾಸ ಕೈ ಎತ್ತಿದ. ಎತ್ತಿದ ಕೈ ಹಾಗೇ ನಿಂತಿತು, ಮೆಲ್ಲಗೆ ಕೆಳಗಿಳಿಯಿತು. ಆರು ಗಂಟೆಯ ಮಟ್ಟ ಇನ್ನೂ ಹೇಳುವುದಿತ್ತು.