ಹೊಸಿಲು ದಾಟಿದ ಲಾಲಪ್ಪ

ಲಾಲಪ್ಪನಿಗೆ ಬೇಕಾಗಿದ್ದುದು ಒಂದೇ ಒಂದು ಉತ್ತರ. ಶ್ರೀಶೈಲಕ್ಕೆ ಚಪ್ಪಲಿ ಹಾಕಿಕೊಂಡು ನಡೆಯಬೇಕೋ, ಬರಿಗಾಲಲ್ಲಿ ನಡೆಯಬೇಕೋ? ಸುಮ್ಮನೆ ಕಣ್ಣು ಮುಚ್ಚಿ ಅಲ್ಲಿಯ ದೇವರು ಮಲ್ಲಯ್ಯನನ್ನೇ ಕೇಳಿದ್ದರೂ ಏನಾದರೊಂದು ಹೊಳೆಯುತ್ತಿತ್ತು. ಅವನು ಹೋಗಿ ಎದುರುಮನೆಯ ಭಗವಂತರಾಯರನ್ನು ಕೇಳಿದ. ಕೆಟ್ಟಿದ್ದು ಅಲ್ಲೇ.

ಲಾಲಪ್ಪ ಸುರಪುರದ ಒಂದು ಕಚೇರಿಯಲ್ಲಿ ಗುಮಾಸ್ತ. ಉರ್ದುವಿನಲ್ಲಿ ಓದಿ, ಉರ್ದುವಿನಲ್ಲೇ ಕಾಗದ ಬರೆದು ಪಳಗಿದ ಕೈ ಅವನದು. ಹೈದರಾಬಾದು ರಾಜ್ಯ ಹೋಗಿ ಮೈಸೂರು ರಾಜ್ಯ ಬಂತು. ಕನ್ನಡ ಪರೀಕ್ಷೆ ಪಾಸು ಮಾಡದಿದ್ದರೆ ಕುರ್ಚಿ ಹೋಗುತ್ತದೆ ಎಂಬ ಸುದ್ದಿಯೂ ಅದರ ಹಿಂದೆಯೇ ಬಂತು. ಮನೆಯಲ್ಲಿ ಹಗಲೆಲ್ಲ ಕನ್ನಡದಲ್ಲೇ ಜಗಳವಾಡುತ್ತಿದ್ದ ಲಾಲಪ್ಪನಿಗೆ ಅದನ್ನು ಬರೆಯಬೇಕೆಂದರೆ ಮಾತ್ರ ಬೆವರು ಬರುತ್ತಿತ್ತು. ಅವನ ಹೆಂಡತಿ ರೇಣಮ್ಮ ನೋಡುವಷ್ಟು ನೋಡಿ, ಗಂಡನಿಗೆ ಒಂದು ಮಾತೂ ಹೇಳದೆ, ಇವನು ಪಾಸಾದರೆ ಇಬ್ಬರೂ ನಿನ್ನ ಬೆಟ್ಟಕ್ಕೆ ನಡೆದುಕೊಂಡೇ ಬರುತ್ತೇವೆ ಎಂದು ಮಲ್ಲಯ್ಯನಿಗೆ ಹರಕೆ ಹೊತ್ತಳು. ಪಾಸಾದ ಸುದ್ದಿ, ಹರಕೆಯ ಸುದ್ದಿ ಎರಡೂ ಲಾಲಪ್ಪನಿಗೆ ಒಂದೇ ದಿನ ತಿಳಿದವು. ಯಾವುದಕ್ಕೆ ಮೊದಲು ಕಣ್ಣೀರು ಬಂತೋ ಅವನಿಗೇ ಗೊತ್ತಿಲ್ಲ.

ಮನೆಯಿಂದ ಕಚೇರಿ, ಕಚೇರಿಯಿಂದ ಮನೆ. ಅದಕ್ಕಿಂತ ದೂರ ಅವನು ನಡೆದವನಲ್ಲ. ರೇಣಮ್ಮ ತವರುಮನೆ ಕೆಂಭಾವಿಗೆ ಹೋಗುವುದೂ ಬಸ್ಸಿನಲ್ಲೇ. ಶ್ರೀಶೈಲವೆಂದರೆ ಹನ್ನೆರಡು ದಿನದ ದಾರಿ. ಯುಗಾದಿ ಹತ್ತಿರ ಬಂದಿತ್ತು, ಇಪ್ಪತ್ತು ದಿನದ ರಜೆ ಮಂಜೂರಾಗಿತ್ತು, ಕೆಂಭಾವಿ ಕಡೆಯಿಂದ ಹೊರಟ ಯಾತ್ರೆಯ ತಂಡ ಮರುದಿನ ಬೆಳಿಗ್ಗೆ ಸುರಪುರಕ್ಕೆ ಬರುವುದಿತ್ತು. ತಿಳಿಯದ್ದು ಚಪ್ಪಲಿಯದೊಂದೇ.

ಭಗವಂತರಾಯರು ನಿಜಾಮರ ಕಾಲದ ನೌಕರರು, ಈಗ ಪಿಂಚಣಿದಾರರು. ಅವರ ಮನೆಯ ಮುಂದೆ ತಗಡು ಹೊದಿಸಿದ ದೊಡ್ಡ ಕಟ್ಟೆ. ಮೂರು ಹೊತ್ತೂ ಅವರು ಅಲ್ಲೇ. ಟ್ರಂಕು, ಕನ್ನಡಿ, ಕೌದಿ, ಧೋತರ ಒಣಹಾಕುವ ಹಗ್ಗ ಎಲ್ಲ ಕಟ್ಟೆಯ ಮೇಲೆಯೇ. ಹೆಂಡತಿ ಮಲ್ಲಾಬಾಯಿ ಹೊಸಿಲಿನ ಒಳಗೆ ನಿಂತು ರೊಟ್ಟಿಯ ತಾಟು ದಾಟಿಸುತ್ತಿದ್ದಳು; ರಾಯರು ಹೊರಗಿನಿಂದ ಕೈಚಾಚಿ ತೆಗೆದುಕೊಳ್ಳುತ್ತಿದ್ದರು. ಗಂಡಹೆಂಡಿರ ಜಗಳ, ನಮಗೇಕೆ ಎಂದು ಓಣಿಯವರು ಕೇಳಿರಲಿಲ್ಲ. ರಾಯರು ಕಟ್ಟೆಯ ಮೇಲೆ ಚೌಕಾಬಾರದ ಮನೆ ಗೀಚಿಕೊಂಡು ಎರಡೂ ಕಡೆ ತಾವೇ ಆಡುತ್ತಿದ್ದರು, ಸೋತ ಕಡೆಯವನನ್ನು ಬಯ್ಯುತ್ತಿದ್ದರು. ಶ್ರೀಶೈಲದ ದಾರಿಯ ಮಾತು ಬಂದರೆ ಸುರಪುರಕ್ಕೆ ಅವರೇ ಹಿರಿಯರು. ತಿಂಥಣಿಯಲ್ಲಿ ಕೃಷ್ಣಾ ದಾಟಿಸುವ ಹರಗೋಲಿನಿಂದ ಬೆಟ್ಟದ ಭೀಮನಕೊಳ್ಳದ ಮೆಟ್ಟಿಲಿನ ತನಕ ಎಲ್ಲಿ ಬಾವಿ, ಎಲ್ಲಿ ಮರ, ಎಲ್ಲಿ ನಾಯಿ ಕಚ್ಚುತ್ತದೆ, ಎಲ್ಲ ಅವರ ಬಾಯಲ್ಲಿತ್ತು.

"ಕಾಕಾ, ಚಪ್ಪಲಿ ಹಾಕ್ಕೊಂಡ ಹೋಗಬೇಕೋ, ಬರಿಗಾಲಾಗೋ?" ಎಂದ ಲಾಲಪ್ಪ.

"ಚಪ್ಪಲಿ ಮಾತ ಆಮ್ಯಾಲ. ಹೊಂಡೋದು ಯಾವಾಗ?"

"ನಾಳಿ ಮುಂಜಾನಿರಿ. ಕೆಂಭಾವಿ ಮಂದಿ ಕೂಡ."

ರಾಯರು ಕವಡೆ ಕೆಳಗಿಟ್ಟರು. "ನಾಳಿ ದಿನ ಛಲೋ ಇಲ್ಲ."

"ಅವರು ಹೊಂಟಾರಲ್ರಿ?"

"ಅವರು ತಮ್ಮ ಹೊಸಿಲ ಇವತ್ತ ದಾಟ್ಯಾರ. ಅವರಿಗೆ ನಡೀತದ. ನಿನ್ನ ಹೊಸಿಲಿಗೆ ನಾಳಿ ನಡ್ಯಾಂಗಿಲ್ಲ. ಇವತ್ತ ಒಂಬತ್ತರೊಳಗ ಪ್ರಸ್ಥಾನ ಇಟ್ಟುಬಿಡು. ಗಂಟ ತಗೊಂಡು ಇಬ್ರೂ ಹೊಸಿಲ ದಾಟ್ರಿ, ಗಂಟ ಮಗ್ಗಲ ಮನ್ಯಾಗ ಇಡ್ರಿ. ಅಲ್ಲಿಗೆ ಹೊಂಟಂಗ ಆತು. ನಾಳಿ ಯಾವಾಗ ಬೇಕಾದ್ರೂ ನಡೀರಿ." ರಾಯರು ಬೆರಳೆತ್ತಿದರು. "ಆದ್ರ ಒಂದ ಮಾತ. ದಾಟಿದ ಮ್ಯಾಲ ಮಲ್ಲಯ್ಯನ ಮಾರಿ ನೋಡೋತನಕ ಹೊಳ್ಳಿ ಒಳಗ ಕಾಲ ಇಡಾಂಗಿಲ್ಲ."

"ಇಟ್ರ?"

"ಹರಕಿ ಹೊತ್ತು ಏನ ಬೇಡೀರಿ?"

"ನೌಕರಿರಿ."

"ಅದ ಹೋಗತದ," ಎಂದು ರಾಯರು ಕವಡೆ ಎತ್ತಿ ಎಸೆದರು.

ಆಗ ಬೆಳಿಗ್ಗೆ ಎಂಟೂಮುಕ್ಕಾಲು. ಹದಿನೈದು ನಿಮಿಷದಲ್ಲಿ ಗಂಡಹೆಂಡಿರು ಮಾಡಿದ ಗಡಿಬಿಡಿಗೆ ಒಲೆಯ ಮೇಲಿನ ಹಾಲು ಉಕ್ಕಿತು, ಬೆಕ್ಕು ಅಟ್ಟ ಹತ್ತಿತು. ಕೈಗೆ ಸಿಕ್ಕಿದ್ದನ್ನು ಒಂದು ಸೀರೆಯಲ್ಲಿ ಗಂಟು ಕಟ್ಟಿ, ದೇವರಿಗೆ ಕೈಮುಗಿದು, ಬಲಗಾಲಿಟ್ಟು ಹೊಸಿಲು ದಾಟಿ, ಬೀಗ ಜಡಿದು ನಿಂತಾಗ ರೇಣಮ್ಮನಿಗೆ ಎದೆ ತುಂಬಿ ಬಂತು. ಲಾಲಪ್ಪನ ಬೆನ್ನಿಗೆ ಬಿಸಿಲು ಹತ್ತಿತು. ಅಂಗಿ ಒಳಗೆ ಗೂಟದ ಮೇಲೆ ಉಳಿದಿತ್ತು.

ಅಂಗಿಯಷ್ಟೇ ಅಲ್ಲ. ರೇಣಮ್ಮ ಎರಡು ದಿನ ಕೂತು ಬಡಿದು ಒಣಗಿಸಿದ ನಲವತ್ತು ಕಟಕ್ ರೊಟ್ಟಿ ಒಳಗೆ, ನಂಚಿಕೊಳ್ಳುವ ಶೇಂಗಾ ಹಿಂಡಿ ಒಳಗೆ, ಚಪ್ಪಲಿಯೂ ಒಳಗೆ. ಗಂಟು ಬಿಚ್ಚಿ ನೋಡಿದರೆ ಅದರಲ್ಲಿ ಎರಡು ದಿಂಬು ಮತ್ತು ಲಾಲಪ್ಪನ ಕನ್ನಡ ಪರೀಕ್ಷೆಯ ಪುಸ್ತಕ ಇದ್ದವು.

"ಬ್ಯಾರೇದವ್ರು ಒಳಗ ಹೋಗಬಹುದೇನ್ರಿ ಕಾಕಾ?" ಎಂದು ಲಾಲಪ್ಪ ಕೂಗಿ ಕೇಳಿದ.

"ಹೋಗಬಹುದು. ಅವರೇನು ಹರಕಿ ಹೊತ್ತಾರೇನು?"

ಪಕ್ಕದ ಮನೆಯ ಚಮನಬೀ ಕೌದಿ ಹೊಲಿದು ಬದುಕುವವಳು, ಓಣಿಗೆಲ್ಲ ಅಕ್ಕ. ಗಂಟು ಇಡಬೇಕಾಗಿದ್ದುದು ಅವಳ ಮನೆಯಲ್ಲೇ. ಕೀಲಿಕೈ ತೆಗೆದುಕೊಂಡು ಸಂತೋಷದಿಂದ ಒಳಗೆ ಹೋದಳು. ಬೇರೆಯವರ ಮನೆಯಲ್ಲಿ ಏನೇನಿದೆ ಎಂದು ನೋಡುವ ಅವಕಾಶ ದಿನಾ ಸಿಗುವುದಿಲ್ಲ. ಅಂಗಿ ತಂದಳು, ರೊಟ್ಟಿ ತಂದಳು. ಕೇಳದಿದ್ದರೂ ಹಿತ್ತಾಳೆಯ ಬಿಂದಿಗೆ, ಒರಳುಕಲ್ಲಿನ ಗುಂಡು, ಕೊಡೆ, ಕಂದೀಲು ತಂದಳು. ಮೇಲೆ ತಾನು ಹೊಲಿದ ಕೌದಿ ಎರಡು ಇಟ್ಟಳು.

"ಅಕ್ಕಾ, ಚಪ್ಪಲಿ?"

"ದೇವರ ಹಂತ್ಯಾಕ ಹೊಂಟಾವಗ ಚಪ್ಪಲಿ ಎಂಥಾದು ತಮ್ಮಾ? ನಾ ತರಾಂಗಿಲ್ಲ."

ಹೀಗೆ ಚಪ್ಪಲಿಯ ಪ್ರಶ್ನೆ ತಾನಾಗಿಯೇ ಬಗೆಹರಿಯಿತು.

ಬೀದಿಯಲ್ಲಿ ನಿಂತ ದಂಪತಿಗಳನ್ನು ಕಂಡು ಓಣಿಗೆ ಓಣಿಯೇ ಸೇರಿತು. ಒಳಗೆ ಹೋಗಿ ಕದ ಹಾಕಿಕೊಳ್ಳಲು ಅವರಿಗೆ ಮನೆಯಿಲ್ಲವಲ್ಲ. ಹಸಿದು ನಡಿ, ಹಗುರಾಗುತ್ತೀ ಎಂದು ಒಬ್ಬ ಹೇಳಿದರೆ, ಹೊಟ್ಟೆ ಬಿರಿಯುವಷ್ಟು ತಿಂದು ನಡಿ ಎಂದು ಇನ್ನೊಬ್ಬ. ಅಂಗಾಲಿಗೆ ಹರಳೆಣ್ಣೆ ಹಚ್ಚು ಎಂದವನ ಹಿಂದೆಯೇ, ಹಚ್ಚಿದರೆ ಜಾರಿ ಬೀಳುತ್ತೀ ಎನ್ನುವವನೂ ಬಂದ. ಹಚ್ಚಿಯಾದ ಮೇಲೆ ಬಂದ. ಹೇಳುವವರೆಲ್ಲ ಬರಿಗೈಯಲ್ಲಿ ಬರಲಿಲ್ಲ. ಮಲ್ಲಯ್ಯನಿಗೆ ಮುಟ್ಟಿಸು ಎಂದು ತೆಂಗಿನಕಾಯಿ, ಎತ್ತಿನ ಕೊರಳ ಗಂಟೆ, ಕೂಸಿನ ಜವಳದ ಕೂದಲು ಕೊಟ್ಟರು. ಮಧ್ಯಾಹ್ನದ ಹೊತ್ತಿಗೆ ಗಂಟು ಲಾಲಪ್ಪನ ಎದೆಮಟ್ಟ ಬೆಳೆದಿತ್ತು.

"ಇದನ್ನ ಹೊತ್ತು ನಡ್ಯಾಕ ಆಗತದೇನ್ರಿ ನಿಮಗ?" ಎಂದಳು ರೇಣಮ್ಮ.

"ರೂಢಿ ಮಾಡ್ಕೋಬೇಕು," ಎಂದರು ಕಟ್ಟೆಯಿಂದ ರಾಯರು. "ಬಾವಿ ತನಕ ಹೋಗಿ ಬಾ. ಹನ್ನೊಂದ ಸಲ."

ನಾಳೆ ಇನ್ನೂರು ಮೈಲಿನಷ್ಟು ನಡೆಯಹೊರಡುವವನು ಇವತ್ತು ಬಾವಿಗೆ ಹನ್ನೊಂದು ಸಲ ನಡೆಯಲಾರೆ ಎನ್ನುವುದು ಹೇಗೆ? ಲಾಲಪ್ಪ ಗಂಟು ಹೊತ್ತು ಮಾರ್ಚಿ ತಿಂಗಳ ಬಿಸಿಲಲ್ಲಿ ಬರಿಗಾಲಲ್ಲಿ ನಡೆದ. ಎತ್ತಿನ ಗಂಟೆ ಗಣಗಣ ಎನ್ನುತ್ತಿತ್ತು. ಬಾವಿಯ ಹತ್ತಿರದ ಹೆಂಗಸರು ದನ ಬಂತೆಂದು ದಾರಿ ಬಿಟ್ಟರು. ನಾಲ್ಕನೆಯ ಸಲಕ್ಕೆ ಕಾಲಲ್ಲಿ ಬೊಬ್ಬೆ ಎದ್ದಿತು. ಏಳನೆಯ ಸಲಕ್ಕೆ ಬೊಬ್ಬೆ ಒಡೆಯಿತು. ಹನ್ನೊಂದನೆಯ ಸಲ ಅವನನ್ನೂ ಗಂಟನ್ನೂ ಬೇರೆ ಬೇರೆ ತಂದರು.

ರೇಣಮ್ಮ ತಾನೂ ಜೊತೆಗೆ ನಡೆದು, ಎರಡು ಸಲಕ್ಕೇ ಸಾಕೆಂದು ಮಲ್ಲಾಬಾಯಿಯ ಹೊಸಿಲ ಬಳಿ ಕುಳಿತಿದ್ದಳು. ಮಲ್ಲಾಬಾಯಿ ಒಳಗಿನಿಂದ ನೀರಿನ ಚಂಬು ಕೊಟ್ಟಳು.

"ಕೃಷ್ಣಾ ಯಾವತ್ತ ದಾಟ್ತೀರವಾ?"

"ನಾಳಿ ಸಂಜೀಕ ಅಂತಾರ್ರಿ ಕಾಕಿ."

"ಹರಗೋಲಿನ್ಯಾಗ?"

"ಹೌದ್ರಿ."

ಮಲ್ಲಾಬಾಯಿ ಹಿಂದಕ್ಕೆ ತಿರುಗಿ ನೋಡಿದಳು. ಅವಳ ಹಿಂದೆ ಗೋಡೆಯ ಗೂಟಕ್ಕೆ ಹಸಿರು ಬಟ್ಟೆಯ ಒಂದು ಗಂಟು ತೂಗುತ್ತಿತ್ತು. ಬಣ್ಣ ಮಾಸಿದ್ದರೂ ಅದರ ಮೇಲೆ ಧೂಳಿರಲಿಲ್ಲ. ಅದೇನೆಂದು ರೇಣಮ್ಮ ಕೇಳಿದಳು.

"ಹಳೇ ಗಂಟು," ಎಂದಷ್ಟೇ ಹೇಳಿ ಮಲ್ಲಾಬಾಯಿ ಚಂಬು ತೆಗೆದುಕೊಂಡಳು.

ಸಂಜೆ ಐದಕ್ಕೆ ಕಚೇರಿಯ ನಸೀರುದ್ದೀನ ಏದುಸಿರು ಬಿಡುತ್ತ ಬಂದ. ಲಾಲಪ್ಪನ ಜೊತೆ ಒಂದೇ ಮೇಜಿನಲ್ಲಿ ಕೆಲಸ ಮಾಡುವವನು, ಜೊತೆಯಲ್ಲೇ ಪರೀಕ್ಷೆಗೆ ಕುಳಿತು ನಪಾಸಾದವನು. ಕೈಯಲ್ಲಿ ಒಂದು ಕಾಗದ.

"ಲಾಲಪ್ಪಾ, ಹುಕುಂ ಬಂದದ ನೋಡು. ಕನ್ನಡದಾಗ ಬಂದದ, ದಫ್ತರದಾಗ ಯಾರಿಗೂ ಬರಾಬರ ಓದಾಕ ಆಗವಲ್ದು. ನಾಳಿ ನೀ ಹೋದ ಮ್ಯಾಲ ಯಾರ ಹಂತ್ಯಾಕ ಓದಸೋದು ಅಂತ ಓಡಿ ಬಂದೆ."

ಲಾಲಪ್ಪನಿಗೆ ಕಾಲಿನ ಉರಿಯೂ ಮರೆತುಹೋಯಿತು. ಇಡೀ ಓಣಿ ನೋಡುತ್ತಿತ್ತು. ಎದೆ ಉಬ್ಬಿಸಿ, ಒಂದೊಂದೇ ಅಕ್ಷರ ಬಿಡಿಸಿ, ದೊಡ್ಡ ದನಿಯಲ್ಲಿ ಓದಿದ. "ಉರ್ದುವಿನಲ್ಲಿರುವ ಎಲ್ಲ ಕಾಗದಪತ್ರಗಳನ್ನು ಒಂದು ತಿಂಗಳೊಳಗೆ ಕನ್ನಡಕ್ಕೆ ಇಳಿಸತಕ್ಕದ್ದು. ಎರಡೂ ಭಾಷೆ ಬಲ್ಲ ನೌಕರರ ರಜೆಗಳನ್ನು..." ಅಲ್ಲಿಗೆ ದನಿ ಇಳಿಯಿತು. "...ರದ್ದುಪಡಿಸಲಾಗಿದೆ. ಗೈರುಹಾಜರಾದವರನ್ನು ಕೆಲಸದಿಂದ ತೆಗೆಯಲಾಗುವುದು."

"ಭಾಳ ಛಲೋ ಓದಿದಿ," ಎಂದ ನಸೀರುದ್ದೀನ.

"ಎರಡೂ ಬಲ್ಲವ್ರು ಎಷ್ಟ ಮಂದಿ ಅದೀವಿ?"

"ನೀ ಒಬ್ಬಾಂವ."

ಮಲ್ಲಯ್ಯ ಬೇಡಿದ್ದನ್ನು ಕೊಟ್ಟಿದ್ದ, ಸ್ವಲ್ಪ ಜಾಸ್ತಿಯೇ ಕೊಟ್ಟಿದ್ದ. ಲಾಲಪ್ಪ ನಿಟ್ಟುಸಿರು ಬಿಟ್ಟ. ಹೋಗಲಿ, ಮುಂದಿನ ವರ್ಷ ನಡೆದರಾಯಿತು, ಈಗ ಒಳಗೆ ಹೋಗಿ ಕಾಲಿಗೆ ಬಿಸಿನೀರು ಕಾಯಿಸಿಕೊಳ್ಳೋಣ ಎಂದು ಬೀಗ ತೆಗೆದು ಕಾಲೆತ್ತಿದ.

"ಏನ್ರಿ," ಎಂದಳು ರೇಣಮ್ಮ ಹಿಂದಿನಿಂದ. "ಒಳಗ ಕಾಲ ಇಟ್ರ ನೌಕರಿ ಹೋಗತದ."

ಎತ್ತಿದ ಕಾಲು ಗಾಳಿಯಲ್ಲೇ ನಿಂತಿತು. ಶ್ರೀಶೈಲಕ್ಕೆ ನಡೆದರೆ ನೌಕರಿ ಹೋಗುತ್ತದೆ. ಮನೆಯೊಳಗೆ ನಡೆದರೂ ಹೋಗುತ್ತದೆ. ಲಾಲಪ್ಪ ಕಾಲನ್ನು ಬೀದಿಯ ಮೇಲೇ ಇಳಿಸಿ, ಕುಂಟುತ್ತ ರಾಯರ ಕಟ್ಟೆಯ ಬಳಿ ಹೋದ.

"ಕಾಕಾ, ಇದಕ್ಕೇನರ ದಾರಿ ಐತೇನ್ರಿ? ಪ್ರಸ್ಥಾನ ಇಟ್ಟು ಹೋಗದವರು ಏನ ಮಾಡಬೇಕು?"

ಭಗವಂತರಾಯರು ಟ್ರಂಕನ್ನು ಗೋಡೆಗೆ ಸರಿಸಿದರು. ಕೌದಿಯನ್ನು ಅರ್ಧ ಮಡಚಿ ಪಕ್ಕದಲ್ಲಿ ಒಂದು ಆಳಿಗಾಗುವಷ್ಟು ಜಾಗ ಮಾಡಿದರು.

"ಕುಂದ್ರು," ಎಂದರು. "ನಂದೂ ರಜಾ ಹಿಂಗ ರದ್ದ ಆಗಿತ್ತು. ಇಪ್ಪತ್ತೆರಡ ವರ್ಷದ ಮಾತು."

ಲಾಲಪ್ಪ ಕಟ್ಟೆಯನ್ನು ನೋಡಿದ, ಕನ್ನಡಿಯನ್ನು ನೋಡಿದ, ಹಗ್ಗದ ಮೇಲಿನ ಧೋತರವನ್ನು ನೋಡಿದ. "ಅಂದ್ರ ನೀವು ಶ್ರೀಶೈಲಕ್ಕ..."

"ಹೋಗೇನಿ ಅಂತ ನಾ ಯಾವಾಗ ಹೇಳೀನಿ? ನೀ ಕೇಳಲೇ ಇಲ್ಲ. ಹೋಗಿ ಬಂದವ್ರು ಈ ಕಟ್ಟಿಗೆ ಕುಂತು ಹೇಳ್ಯಾರ, ನಾ ಕೇಳೀನಿ. ಮುಂದಿನ ವರ್ಷ ಅಂದೆ, ಅದರ ಮುಂದಿನ ವರ್ಷ ಅಂದೆ, ಆಮ್ಯಾಲ ಮಣಕಾಲ ಹಿಡಕೊಂಡ್ವು. ದಫ್ತರಕ್ಕ ಇಲ್ಲಿಂದನ ಹೋಗಿ ಬಂದೆ. ಪಿಂಚಣಿನೂ ಇಲ್ಲೇ ಬಂತು, ಒಳಗ ಹೋದ್ರ ಅದೂ ಹೋದೀತು. ಹುಕುಂ ಬಂದಾಗ ನಮ್ಮಾಕಿದು ಒಂದ ಕಾಲ ಇನ್ನ ಒಳಗಿತ್ತು, ಒಳಗ ಉಳಕೊಂಡ್ಳು."

ಹೊಸಿಲಿನ ಒಳಗೆ ನಿಂತು ಮಲ್ಲಾಬಾಯಿ ಎಲ್ಲ ಕೇಳುತ್ತಿದ್ದಳು. ಒಳಗೆ ಹೋಗಿ, ಗೂಟದ ಮೇಲಿನ ಹಸಿರು ಗಂಟು ಇಳಿಸಿಕೊಂಡು ಬಂದಳು.

"ರೇಣಮ್ಮ, ನಿನ್ನ ರಜಾ ಯಾರರ ರದ್ದ ಮಾಡ್ಯಾರೇನು?"

"ಇಲ್ರಿ ಕಾಕಿ."

"ನಂದೂ ಇಲ್ಲ," ಎಂದು ಮಲ್ಲಾಬಾಯಿ ಹೊಸಿಲು ದಾಟಿ ಬೀದಿಗೆ ಬಂದಳು. "ಇಪ್ಪತ್ತೆರಡ ವರ್ಷ ರೊಟ್ಟಿ ದಾಟಿಸೀನಿ. ಇನ್ನ ನಾ ದಾಟ್ತೀನಿ."

"ನನಗ ರೊಟ್ಟಿ ಯಾರು ಕೊಡಬೇಕು?" ಎಂದರು ರಾಯರು ಗಾಬರಿಯಿಂದ.

"ನಾ ಕೊಡ್ತೀನಿ ತಗೋರಿ," ಎಂದಳು ಚಮನಬೀ. "ಇಬ್ಬರಿಗೂ."

ಮರುದಿನ ಬೆಳಿಗ್ಗೆ ಕೆಂಭಾವಿಯ ತಂಡ ಹಾಡುತ್ತ ಬಂತು. ಮಲ್ಲಾಬಾಯಿ ದೊಡ್ಡ ಗಂಟನ್ನು ಬಿಚ್ಚಿ, ರೊಟ್ಟಿ, ಹಿಂಡಿ, ಮಲ್ಲಯ್ಯನ ಕಾಣಿಕೆ ಇಷ್ಟನ್ನು ತೆಗೆದುಕೊಂಡು ಮಿಕ್ಕಿದ್ದನ್ನೆಲ್ಲ ಗಂಡಸರ ಮುಂದೆ ಇಟ್ಟಳು. ಒರಳುಗುಂಡು ಲಾಲಪ್ಪನ ಪಾಲಿಗೆ ಬಂತು.

"ಕಾಕಿ, ಚಪ್ಪಲಿ ಹಾಕ್ಕೋಬೇಕೋ ಬ್ಯಾಡೋ?" ಎಂದು ರೇಣಮ್ಮ ಕೇಳಿದಳು.

"ಹಾಕ್ಕೋ. ಬೆಟ್ಟದ ಬುಡಕ ಬಿಟ್ರಾತು. ಮಲ್ಲಯ್ಯಗ ನೀ ಬರೋದು ಬೇಕು, ನಿನ್ನ ಬೊಬ್ಬಿ ಬೇಕಾಗಿಲ್ಲ."

ಚಮನಬೀ ಕಸಬರಿಗೆಯಿಂದ ಲಾಲಪ್ಪನ ಚಪ್ಪಲಿಯನ್ನು ಒಳಗಿನಿಂದ ಹೊರಗೆ ತಳ್ಳಿದಳು. ರೇಣಮ್ಮ ಮೆಟ್ಟಿಕೊಂಡಳು, ಬರಾಬರಿ ಆದವು.

"ನಂದು ಹರಕಿ ನಾ ತೀರಿಸಿ ಬರ್ತೀನಿ," ಎಂದು ಗಂಡನಿಗೆ ಹೇಳಿದಳು. "ನಿಮ್ಮದು ನಿಮಗ ಬಿಟ್ಟದ್ದು. ಬಂದ ಮ್ಯಾಲ ರೊಟ್ಟಿ ಮಾತ್ರ ತಪ್ಪದಂಗ ಹೊಸಿಲ ದಾಟಿಸ್ತೀನ್ರಿ."

ಇಬ್ಬರು ಹೆಂಗಸರು ನಗುತ್ತ ಹೋದರು. ಓಣಿಯ ತಿರುವಿನಲ್ಲಿ ಮಲ್ಲಾಬಾಯಿ ಸಣ್ಣ ಹುಡುಗಿಯ ಹಾಗೆ ಎರಡು ಹೆಜ್ಜೆ ಓಡಿದ್ದನ್ನು ಭಗವಂತರಾಯರು ನೋಡಿದರು. ಕಚೇರಿಗೆ ಇನ್ನೂ ಹೊತ್ತಿತ್ತು. ಲಾಲಪ್ಪ ಬೊಬ್ಬೆಯ ಕಾಲುಗಳನ್ನು ಮೇಲೆತ್ತಿಕೊಂಡು ಕಟ್ಟೆಯ ಮೇಲೆ ಕುಳಿತ.

"ಆ ಮಗ್ಗಲಿಗೆ ಮಲಗಬ್ಯಾಡ, ಮಳಿ ಹನಿ ಬೀಳ್ತದ," ಎಂದರು ರಾಯರು. "ತಲಿ ಪಡುವಣಕ್ಕ ಹಾಕು, ಬಿಸಲ ತಡ ಆಗಿ ಬರ್ತದ. ಕಚೇರಿ ಅಂಗಿ ಟ್ರಂಕಿನ್ಯಾಗ ಇಡು, ಹಗ್ಗದ ಮ್ಯಾಲ ಹಾಕಿದ್ರ ಆಡ ತಿಂತದ."

ನಿನ್ನೆಯಿಂದ ಲಾಲಪ್ಪನಿಗೆ ಸಿಕ್ಕ ಸಲಹೆಗಳಲ್ಲಿ, ಹೇಳುವವರು ತಾವೇ ಮಾಡಿ ನೋಡಿ ಹೇಳಿದ್ದು ಇದೊಂದೇ. ಅವನು ತಲೆದಿಂಬನ್ನು ಪಡುವಣಕ್ಕೆ ತಿರುಗಿಸಿ ಇಟ್ಟ.

ರಾಯರು ಚೌಕಾಬಾರದ ಗೆರೆಗಳನ್ನು ಹೊಸದಾಗಿ ತೀಡಿ, ಕವಡೆಗಳನ್ನು ಅವನ ಕಡೆಗೆ ನೂಕಿದರು.

"ಆಡು," ಎಂದರು. "ಮೊದಲ ನಿಂದು."